‘ಪುಂಡಾನೆ’ ಅಂದವರು ಯಾರು?

ರಾಗಿ ತೆನೆ ಬಲಿಯುವ ಕಾಲಕ್ಕೆ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿ: ‘ಪುಂಡಾನೆ ಹಾವಳಿ, ಬೆಳೆ ನಾಶ’. ಬನ್ನೇರುಘಟ್ಟ, ಸಾವನದುರ್ಗದ ಕಡೆಯಿಂದ ಆನೆಗಳು ಹೊಸಕೋಟೆ, ನೆಲಮಂಗಲದ ಹೊಲಗಳವರೆಗೂ ಬಂದದ್ದುಂಟು. ಸುದ್ದಿ ಸುಳ್ಳಲ್ಲ. ಆದರೆ ಈ ಭಾಷೆ ಯಾರ ಪರ ಎಂದು ನಾವು ಕೇಳಲೇಬೇಕು.

‘ಪುಂಡ’ ಎಂಬ ಪದ ನಮಗೆ ಹೊಸದಲ್ಲ. ಕೇರಿಯ ಹುಡುಗ ನ್ಯಾಯವಾದ ಕೂಲಿ ಕೇಳಿದಾಗ ಊರಿನ ದೊಡ್ಡವರು ಕೊಟ್ಟ ಬಿರುದೂ ಇದೇ. ಒಮ್ಮೆ ಪುಂಡ ಅಂದುಬಿಟ್ಟರೆ ಆಯ್ತು, ಕಾರಣ ಕೇಳೋರೇ ಇರೋದಿಲ್ಲ.

ಕಾರಣ ಸರ್ಕಾರದ ಕಡತದಲ್ಲೇ ಇದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇತ್ತು, 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ನೂರು ಚದರ ಕಿ.ಮೀ. ನೆಲಕ್ಕೆ ಸಿಗಬೇಕಿದ್ದ ಕಾವಲು ತಪ್ಪಿತು. ಕಾಡಂಚನ್ನು ತಿನ್ನುವ ಲೇಔಟು, ಕಲ್ಲುಗಣಿಗಳಿಗೆ ‘ಹಾವಳಿ’ ಎಂಬ ಹೆಸರಿಲ್ಲ, ಅವು ‘ಅಭಿವೃದ್ಧಿ’.

ರಾತ್ರಿಯೆಲ್ಲ ಬೆಂಕಿ ಹಾಕ್ಕೊಂಡು ಹೊಲ ಕಾಯೋರು ಯಾರು? ಲೇಔಟಿನ ಯಜಮಾನರಲ್ಲ, ಕೂಲಿಯವರು, ತುಂಡು ನೆಲದವರು. ತುಳಿದ ಬೆಳೆಗೆ ಪರಿಹಾರ ಕೇಳಿದರೆ ‘ಪಹಣಿ ತಗೊಂಡ್ ಬಾ’ ಅಂತಾರೆ. ಬಗರ್‌ಹುಕುಂ ನೆಲ ಉತ್ತವನ ಹೆಸರು ಪಹಣಿಯಲ್ಲಿ ಎಲ್ಲಿದೆ? ಸುದ್ದಿಯಲ್ಲೂ ಅವನಿಲ್ಲ, ‘ರೈತರು ಕಂಗಾಲು’, ಅಷ್ಟೇ. ಆನೆಗೆ ಬೈಗುಳವಾದರೂ ಸಿಕ್ಕಿತು, ಇವನಿಗೆ ಅದೂ ಇಲ್ಲ.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಾಳೆ ಇಂಥ ಸುದ್ದಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಆಮೇಲೆ ಎರಡೇ ಪ್ರಶ್ನೆ ಕೇಳಿ: ಆನೆಯ ದಾರಿ ಮಾರಿಕೊಂಡವರು ಯಾರು? ಪಹಣಿ ಇಲ್ಲದವನ ನಷ್ಟ ಯಾರ ಲೆಕ್ಕದಲ್ಲಿದೆ?