‘ವಿಸ್ತರಣೆ’ ಎಂಬ ಪದ: ಇಂಗ್ಲಿಷ್ ಪಂಥದ ಒಂದು ಗ್ರಂಥವನ್ನು ಕುರಿತು

ಹೆಡ್ಲಿ ಬುಲ್ ಮತ್ತು ಆಡಮ್ ವ್ಯಾಟ್ಸನ್ ಸಂಪಾದಿಸಿ 1984ರಲ್ಲಿ ಹೊರತಂದ ‘ದಿ ಎಕ್ಸ್‌ಪ್ಯಾನ್ಷನ್ ಆಫ್ ಇಂಟರ್‌ನ್ಯಾಷನಲ್ ಸೊಸೈಟಿ’, ಬ್ರಿಟನ್ನಿನ ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನದಲ್ಲಿ ಇಂದಿಗೂ ಉಪೇಕ್ಷಿಸಲಾಗದ ಕೃತಿ. ಅದರ ಹಿಂದಿರುವುದು 1959ರಿಂದ ಇತಿಹಾಸಕಾರ ಹರ್ಬರ್ಟ್ ಬಟರ್‌ಫೀಲ್ಡ್ ಅವರ ನೇತೃತ್ವದಲ್ಲಿ ಸೇರತೊಡಗಿದ ಸಮಿತಿಯೊಂದರ ದೀರ್ಘ ಚರ್ಚೆ. ಈ ಪರಂಪರೆಗೆ ‘ಇಂಗ್ಲಿಷ್ ಪಂಥ’ವೆಂಬ ಹೆಸರು ಬಂದದ್ದು 1981ರಲ್ಲಿ, ಹೆಸರಿಟ್ಟ ರಾಯ್ ಜೋನ್ಸ್ ಪಂಥವನ್ನೇ ಮುಚ್ಚಬೇಕೆಂದು ವಾದಿಸಿದವರು. ಅದರ ಪ್ರಮುಖ ಚಿಂತಕ ಬುಲ್ ಅವರಂತೂ ಆಸ್ಟ್ರೇಲಿಯದವರು.

ಪ್ರಭುತ್ವಗಳು ಕೇವಲ ಪರಸ್ಪರ ಬಲವನ್ನು ಅಳೆಯುವ ಘಟಕಗಳಲ್ಲ. ಸಮಾನ ಹಿತಾಸಕ್ತಿ, ಸಮಾನ ನಿಯಮಗಳ ಅರಿವಿನಿಂದ ಅವು ಒಂದು ಸಮಾಜವಾಗಬಲ್ಲವು ಎಂಬುದು 1977ರ ‘ದಿ ಅನಾರ್ಕಿಕಲ್ ಸೊಸೈಟಿ’ಯಲ್ಲಿ ಬುಲ್ ಮಂಡಿಸಿದ ಪರಿಕಲ್ಪನೆ. ಇದರ ತಾತ್ವಿಕ ಮೌಲ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಆಕ್ಷೇಪವಿರುವುದು 1984ರ ಗ್ರಂಥ ಅದಕ್ಕೆ ಕಟ್ಟಿಕೊಟ್ಟ ಚರಿತ್ರೆಯ ಬಗ್ಗೆ. ಆ ಸಮಾಜ ಯೂರೋಪಿನಲ್ಲಿ ಹುಟ್ಟಿತು, ಹೊರಕ್ಕೆ ಹರಡಿತು, ಉಳಿದವರು ಕ್ರಮೇಣ ಅದರೊಳಗೆ ಪ್ರವೇಶ ಪಡೆದರು ಎಂಬುದು ಅದರ ಮುಖ್ಯ ಕಥನ. ‘ವಿಸ್ತರಣೆ’ ಎಂಬ ಪದ ಒಪ್ಪಿಕೊಂಡೊಡನೆ, ಪ್ರವೇಶಕ್ಕೆ ಮುನ್ನ ಉಳಿದವರು ಹೊರಗಿದ್ದರೆಂಬುದನ್ನೂ ಒಪ್ಪಿದಂತಾಗುತ್ತದೆ.

ಹೊರಗಿದ್ದರೇ? 1950ರ ದಶಕದಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಸಿ. ಎಚ್. ಅಲೆಕ್ಸಾಂಡ್ರೋವಿಚ್ 1967ರ ತಮ್ಮ ಗ್ರಂಥದಲ್ಲಿ ಬೇರೆಯೇ ಉತ್ತರ ಕೊಟ್ಟಿದ್ದರು. 16ರಿಂದ 18ನೆಯ ಶತಮಾನದವರೆಗೆ ಯೂರೋಪಿಯನ್ನರು ಏಷ್ಯದ ಅರಸರೊಡನೆ ಸಾರ್ವಭೌಮರೆಂದು ಭಾವಿಸಿಯೇ ಒಪ್ಪಂದ ಮಾಡಿಕೊಂಡರು. ಕಾನೂನಿನ ಈ ವೃತ್ತವನ್ನು ಯೂರೋಪಿಗೆ ಕುಗ್ಗಿಸಿದ್ದು 19ನೆಯ ಶತಮಾನ ಎಂದು ಅವರ ವಾದ. ಹಾಗಾದರೆ ವಿಸ್ತರಣೆಗೆ ಮೊದಲು ನಡೆದದ್ದು ಸಂಕೋಚನ. ಗ್ರಂಥ ಪ್ರಕಟವಾಗಿ 17 ವರ್ಷಗಳಾಗಿದ್ದರೂ ಬುಲ್–ವ್ಯಾಟ್ಸನ್ ಕಥನದ ದಿಕ್ಕನ್ನು ಅದು ಬದಲಿಸಲಿಲ್ಲ.

ಮೈಸೂರಿನ ಚರಿತ್ರೆ ಈ ಸಂಕೋಚನಕ್ಕೆ ಸ್ಪಷ್ಟ ನಿದರ್ಶನ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದಕ್ಕಾಗಿ ಮದರಾಸಿನ ಪ್ರತಿನಿಧಿಗಳೇ ಟಿಪ್ಪುವಿನ ಪಾಳೆಯಕ್ಕೆ ಬಂದರು. ಗೆದ್ದ ಪ್ರದೇಶಗಳನ್ನೂ ಸೆರೆಯಾಳುಗಳನ್ನೂ ಎರಡೂ ಪಕ್ಷಗಳು ಹಿಂದಿರುಗಿಸಬೇಕೆಂದು ನಿಶ್ಚಯವಾಯಿತು. 1799ರ ಒಪ್ಪಂದದಲ್ಲಿ ಒಡೆಯರ ರಾಜ್ಯ ವರ್ಷಕ್ಕೆ 7 ಲಕ್ಷ ವರಾಹ ಪೊಗದಿ ಕೊಡಬೇಕಾಯಿತು. 1831ರಲ್ಲಿ ಆಡಳಿತವೇ ಕೈತಪ್ಪಿತು. 1881ರಲ್ಲಿ ರಾಜ್ಯ ಮರಳಿ ಬಂದಾಗ ಆ ದಾಖಲೆ ಒಪ್ಪಂದವಾಗಿರಲಿಲ್ಲ, ಕೇವಲ ‘ಹಸ್ತಾಂತರ ಪತ್ರ’ವಾಗಿತ್ತು. 1913ರಲ್ಲಿ ‘ಒಪ್ಪಂದ’ವೆಂಬ ಹೆಸರು ಹಿಂದಿರುಗಿತಾದರೂ ಪರಮಾಧಿಕಾರ ಹಿಂದಿರುಗಲಿಲ್ಲ. 1784ರ ಸಮಾನತೆಯನ್ನು ಆದರ್ಶೀಕರಿಸುವ ಅಗತ್ಯವೇನೂ ಇಲ್ಲ; ಅದರ ಆಧಾರ ಸೇನಾಬಲ. ಆದರೆ ಎದುರು ಪಕ್ಷದಲ್ಲಿ ಸಹಿ ಹಾಕಿದ್ದು ಒಂದು ವ್ಯಾಪಾರಿ ಕಂಪನಿ ಎಂಬುದನ್ನು ಮರೆಯಲಾಗದು. ಪ್ರಭುತ್ವಗಳ ಸಮಾಜವೆಂಬ ವ್ಯಾಖ್ಯೆಗೆ ಹೊಂದದೆ ಇದ್ದದ್ದು ಮೈಸೂರಲ್ಲ, ಕಂಪನಿ.

ಬುಲ್ ಈ ಪ್ರಶ್ನೆಗಳಿಗೆ ಕಿವುಡಾಗಿದ್ದರೆಂದರೆ ಅನ್ಯಾಯವಾದೀತು. ‘ಪಶ್ಚಿಮದ ವಿರುದ್ಧ ಬಂಡಾಯ’ವೆಂಬ ತಮ್ಮ ಅಧ್ಯಾಯದಲ್ಲಿ ಜನಾಂಗ ಸಮಾನತೆ, ಆರ್ಥಿಕ ನ್ಯಾಯಗಳ ಬೇಡಿಕೆಯನ್ನು ಅವರು ಗಂಭೀರವಾಗಿಯೇ ಪರಿಗಣಿಸಿದ್ದಾರೆ. ಆದರೂ ಅಲ್ಲಿ ಬಂಡಾಯ ಮನೆಯೊಳಗೆ ಬಂದ ಹೊಸಬರದು. ಮನೆ ಕಟ್ಟುವಾಗ ಅವರ ಪಾತ್ರವೇನೆಂಬುದು ಪ್ರಶ್ನೆಯಾಗುವುದಿಲ್ಲ. ಟಿಮ್ ಡನ್ ಮತ್ತು ಕ್ರಿಶ್ಚಿಯನ್ ರೂಸ್-ಸ್ಮಿತ್ ಸಂಪಾದಿಸಿದ 2017ರ ಗ್ರಂಥ ‘ವಿಸ್ತರಣೆ’ಯನ್ನು ಕೈಬಿಟ್ಟು ‘ಜಾಗತೀಕರಣ’ವೆಂಬ ಪದವನ್ನು ಶೀರ್ಷಿಕೆಗೆ ತಂದಿತು.

ಪದ ಬದಲಾದರೂ ಒಂದು ತೊಡಕು ಉಳಿದೇ ಇದೆ. 1919ರಲ್ಲಿ ಭಾರತ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿ ರಾಷ್ಟ್ರಸಂಘದ ಮೂಲ ಸದಸ್ಯನಾಯಿತು. ಸಹಿ ಹಾಕಿದವರು ಬ್ರಿಟಿಷ್ ಸಚಿವ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ. ಅದೇ ಏಪ್ರಿಲ್‌ನಲ್ಲಿ ಜಲಿಯನ್‌ವಾಲಾ ಬಾಗ್ ನಡೆದಿತ್ತು. ಸ್ವಾಧೀನವಿಲ್ಲದ ಈ ಸದಸ್ಯತ್ವವನ್ನು ಪ್ರವೇಶವೆನ್ನಬೇಕೆ, ಸಾಮ್ರಾಜ್ಯಕ್ಕೆ ದೊರೆತ ಇನ್ನೊಂದು ಮತವೆನ್ನಬೇಕೆ? ಸಾಮ್ರಾಜ್ಯವನ್ನು ಬ್ರಿಟನ್ನಿನ ಆಂತರಿಕ ವಿಷಯವೆಂದು ರಾಜಕೀಯ ಅಧ್ಯಯನದ ವಿಭಾಗಕ್ಕೂ, ಪ್ರಭುತ್ವಗಳ ಸಂಬಂಧವನ್ನು ಮತ್ತೊಂದು ವಿಭಾಗಕ್ಕೂ ಹಂಚಿದಲ್ಲಿ ಈ ಪ್ರಶ್ನೆ ಎರಡೂ ಕಡೆ ಅನಾಥವಾಗುತ್ತದೆ.