ಬರಿದಾದ ಕಣಿವೆಗೆ ಬಂದ ಕೇಳುಗರು

ರನ್‌ರಿಗ್ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ತಂಡ. 1973ರಲ್ಲಿ ರೋರಿ ಮತ್ತು ಕ್ಯಾಲಮ್ ಮ್ಯಾಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರು ಅಕಾರ್ಡಿಯನ್ ವಾದಕ ಬ್ಲೇರ್ ಡಗ್ಲಸ್ ಜತೆ ಸೇರಿ ಇದನ್ನು ಕಟ್ಟಿದಾಗ ಅದು ಕುಣಿತದ ಕೂಟಗಳಿಗೆ ನುಡಿಸುವ ಸಣ್ಣ ಮೇಳ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನ ಊರವರು ಹೊಲದ ಪಟ್ಟೆಗಳನ್ನು ಸರದಿಯಂತೆ ಹಂಚಿಕೊಂಡು ಉಳುತ್ತಿದ್ದ ಹಳೆಯ ಪದ್ಧತಿಗೆ ಇದ್ದ ಹೆಸರೇ ತಂಡದ ಹೆಸರಾಯಿತು. 1978ರಲ್ಲಿ ಬಂದ ಮೊದಲ ಆಲ್ಬಂ ‘ಪ್ಲೇ ಗೇಲಿಕ್’ ಪೂರ್ತಿಯಾಗಿ ಅಲ್ಲಿನ ಹಳೆಯ ನುಡಿಯಾದ ಗೇಲಿಕ್ ಭಾಷೆಯಲ್ಲಿತ್ತು. ಅದೇ ತಂಡ 2018ರ ಆಗಸ್ಟ್ 17 ಮತ್ತು 18ರಂದು ಸ್ಟರ್ಲಿಂಗ್ ಕೋಟೆಯ ಕೆಳಗಿನ ಬಯಲಿನಲ್ಲಿ ವಿದಾಯದ ಕಚೇರಿ ನಡೆಸಿದಾಗ ಎರಡು ರಾತ್ರಿ ಸೇರಿ 40 ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರು. ಈ 45 ವರ್ಷಗಳಲ್ಲಿ ಹಾಡಿನ ಜತೆಗೇ ಬೆಳೆದದ್ದು ಅಭಿಮಾನಿಗಳು ಗುಂಪು ಕಟ್ಟಿಕೊಂಡು ತಂಡದ ಹಿಂದೆ ಊರೂರು ತಿರುಗುವ ರೂಢಿ. ಹಾಡುಗಳನ್ನು ತೂಗಿದಂತೆ ಇದನ್ನೂ ತೂಗಬೇಕಾಗುತ್ತದೆ. ಕೊನೆಕೊನೆಗೆ ರನ್‌ರಿಗ್ ಕಚೇರಿ ಎಂದರೆ ಅರ್ಧ ವೇದಿಕೆಯ ಮೇಲೆ, ಅರ್ಧ ಬಯಲಿನಲ್ಲಿ ನಡೆಯುವ ಸಂಗತಿಯಾಗಿತ್ತು.

ತಂಡಕ್ಕೆ ಬ್ರಿಟನ್ನಿನ ಹೊರಗೆ ಗಟ್ಟಿಯಾದ ನೆಲೆ ಸಿಕ್ಕಿದ್ದು ಡೆನ್ಮಾರ್ಕ್ ಮತ್ತು ಜರ್ಮನಿಗಳಲ್ಲಿ. ಡೆನ್ಮಾರ್ಕಿನಿಂದ ಇಂಗ್ಲೆಂಡಿಗೆ ಇದ್ದ ನೇರ ಪ್ರಯಾಣಿಕ ಹಡಗು 2014ರಲ್ಲಿ ನಿಂತಿತು. ಹಾಗಾಗಿ ಕಾರು, ಕ್ಯಾಂಪರ್ ವ್ಯಾನುಗಳಲ್ಲಿ ಹೊರಡುವವರು ಜರ್ಮನಿಯನ್ನು ದಾಟಿ, ಆಮ್‌ಸ್ಟರ್‌ಡ್ಯಾಮ್ ಬಳಿಯ ಬಂದರಿನಲ್ಲಿ ಹಡಗು ಹತ್ತಿ, ರಾತ್ರಿಯಿಡೀ ಸಮುದ್ರದ ಮೇಲಿದ್ದು ಬೆಳಗ್ಗೆ ನ್ಯೂಕಾಸಲ್‌ನಲ್ಲಿ ಇಳಿದು, ಅಲ್ಲಿಂದ ಉತ್ತರಕ್ಕೆ ಸಾಗಬೇಕು. ಒಂದು ಸಂಜೆಯ ಹಾಡಿಗೆ ಎರಡು ದಿನದ ದಾರಿ. ಒಬ್ಬೊಬ್ಬರೇ ಹೋದರೆ ಇದು ದುಬಾರಿ, ಬೇಸರ ಕೂಡ. ನಾಲ್ವರು ಒಂದು ಗಾಡಿಯಲ್ಲಿ ಕೂತರೆ ಇಂಧನದ ಖರ್ಚು ಹಂಚಿಹೋಗುತ್ತದೆ, ಹಾಡು ಊರು ಬಿಡುವ ಮೊದಲೇ ಶುರುವಾಗುತ್ತದೆ. ಯಾರು ಎಷ್ಟು ಕಚೇರಿ ಕಂಡವರು ಎಂಬ ಲೆಕ್ಕ ಇಂಥ ಗುಂಪುಗಳಲ್ಲಿ ಹಿರಿತನವನ್ನು ತೀರ್ಮಾನಿಸುತ್ತದೆ. ಭಕ್ತಮಂಡಳಿಗಳಲ್ಲಿ ಇರುವಂಥದೇ ಈ ಲೆಕ್ಕ, ಅಷ್ಟೇ ಮುಗ್ಧ, ಅಷ್ಟೇ ಕಿರಿಕಿರಿಯದು.

ಈ ರೂಢಿಯಿಂದ ಸಂಗೀತಕ್ಕೆ ಸಿಕ್ಕ ದೊಡ್ಡ ಲಾಭ ಪಲ್ಲವಿಯದು. ರನ್‌ರಿಗ್ ಹಾಡುಗಳ ಕಟ್ಟಣೆ ಸರಳ: ಒಂದೆಡೆ ಚರಣ ಹೇಳುವ ಒಂಟಿ ದನಿ, ಇನ್ನೊಂದೆಡೆ ಎಲ್ಲರೂ ಎತ್ತಿಕೊಳ್ಳಬಹುದಾದ ಪಲ್ಲವಿ. ಬಟ್ಟೆ ಹದಮಾಡುವಾಗ ಹೆಂಗಸರು ಸುತ್ತ ಕುಳಿತು ಹಾಡುತ್ತಿದ್ದ ಗೇಲಿಕ್ ದುಡಿಮೆಯ ಹಾಡುಗಳದೂ ಇದೇ ಕ್ರಮ. ಸ್ಟುಡಿಯೋದಲ್ಲಿ ಈ ಪಲ್ಲವಿಗೆ ಕೀಬೋರ್ಡಿನ ಮೆರುಗು ಹಚ್ಚಿದಾಗ ಅದು ಹಲವೆಡೆ ಉಬ್ಬಿಸಿದಂತೆ ಕೇಳುತ್ತದೆ; 1980ರ ದಶಕದ ಕೊನೆಯ ಆಲ್ಬಂಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. ದಾರಿಯುದ್ದಕ್ಕೂ ಹಾಡಿಕೊಂಡು ಬಂದವರ ಗಂಟಲಿಗೆ ಸಿಕ್ಕಾಗ ಮಾತ್ರ ಅದು ತನ್ನ ಜಾಗ ಸೇರುತ್ತದೆ. ‘ಲಾಕ್ ಲೋಮಂಡ್’ ಇದಕ್ಕೆ ಸಾಕ್ಷಿ. ಯಾರೋ ಕಟ್ಟಿದ ಈ ಹಳೆಯ ಜನಪದ ಹಾಡನ್ನು ತಂಡ 1979ರ ಆಲ್ಬಂನಲ್ಲಿ ಧ್ವನಿಮುದ್ರಿಸಿತು. ಬರಬರುತ್ತಾ ಅದು ಕಚೇರಿಯ ಮಂಗಳದಂತಾಯಿತು. 1991ರಲ್ಲಿ ಅದೇ ಹೆಸರಿನ ಸರೋವರದ ದಂಡೆಯ ಬ್ಯಾಲಕ್‌ನಲ್ಲಿ ಭಾರೀ ಬಯಲು ಕಚೇರಿಯೇ ನಡೆಯಿತು. 2007ರಲ್ಲಿ ಸ್ಕಾಟ್ಲೆಂಡ್ ಫುಟ್ಬಾಲ್ ತಂಡದ ಹಿಂದೆ ತಿರುಗುವ ಅಭಿಮಾನಿಗಳ ಜತೆ, ಮಕ್ಕಳ ಸಹಾಯನಿಧಿಗಾಗಿ ಈ ಹಾಡನ್ನು ಮತ್ತೆ ಧ್ವನಿಮುದ್ರಿಸಿದಾಗ ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ತಿರುಗಾಡುವ ಇಬ್ಬಗೆಯ ಅಭಿಮಾನಿಗಳು ಒಂದೇ ಪಲ್ಲವಿಯಲ್ಲಿ ಭೇಟಿಯಾದದ್ದು ಆಕಸ್ಮಿಕವಲ್ಲ. ಆ ಹಾಡಿನ ವಸ್ತುವೇ ಮನೆಗೆ ಮರಳುವ ಎರಡು ದಾರಿಗಳು.

ಅದೇ 2007ರ ಆಗಸ್ಟ್‌ನಲ್ಲಿ ಲಾಕ್ ನೆಸ್ ಸರೋವರದ ಪಕ್ಕದ ಡ್ರಮ್‌ನಡ್ರಾಕಿಟ್ ಎಂಬ ಹಳ್ಳಿಯ ಹೊಲದಲ್ಲಿ 17 ಸಾವಿರ ಜನ ಸೇರಿದರು. ಮಳೆ ಬಿಡಲಿಲ್ಲ. ಹೊಲ ಕೆಸರುಗದ್ದೆಯಾಯಿತು. ತಂಡ ಆ ರಾತ್ರಿಯ ಧ್ವನಿಮುದ್ರಣಕ್ಕೆ ‘ನೆರೆ ಬಂದ ವರ್ಷ’ ಎಂಬರ್ಥದ ಹೆಸರಿಟ್ಟು ನಕ್ಕಿತು. ಬಯಲು ಕಚೇರಿಯ ಗುಣವನ್ನು ಅಳೆಯಲು ಈ ಮುದ್ರಣ ಒಳ್ಳೆಯ ಸಾಧನ. ವಾದ್ಯಗಳ ನಯ ಇಲ್ಲಿ ಹೆಚ್ಚೇನಿಲ್ಲ, ಗುಂಪಿನ ಶಬ್ದ ಅಲ್ಲಲ್ಲಿ ಗಾಯಕನನ್ನೇ ನುಂಗುತ್ತದೆ. ಆದರೂ ಒದ್ದೆಯಾಗಿ ನಿಂತವರು ಹಾಡುವುದನ್ನು ಬಿಡಲಿಲ್ಲ ಎಂಬುದು ಕಿವಿಗೆ ನಿಚ್ಚಳವಾಗಿ ತಿಳಿಯುತ್ತದೆ. ಮುಂದೆ ಯಾವ ಜಾಣ್ಮೆಯಿಂದ ತಿದ್ದಿದರೂ ಸಿಗದ ಗುಣ ಅದು.

ನಷ್ಟದ ಬದಿಯನ್ನು ನೋಡಬೇಕಾದರೆ ಹಾಡುಗಳ ಒಳಕ್ಕೆ ಹೋಗಬೇಕು. ರನ್‌ರಿಗ್ ಹಾಡುಗಳ ದೊಡ್ಡ ಭಾಗ ಜಾಗ ಖಾಲಿಯಾದದ್ದರ ಬಗ್ಗೆ ಇದೆ. 18 ಮತ್ತು 19ನೇ ಶತಮಾನಗಳಲ್ಲಿ ಹೈಲ್ಯಾಂಡ್ಸ್‌ನ ಜಮೀನ್ದಾರರು ಕುರಿ ಸಾಕುವ ಲಾಭಕ್ಕಾಗಿ ಗೇಣಿದಾರರನ್ನು ಒಕ್ಕಲೆಬ್ಬಿಸಿದರು. ಮನೆಗಳು ಬಿದ್ದವು, ಜನ ಹಡಗು ಹತ್ತಿದರು. ‘ಡ್ಯಾನ್ಸ್ ಕಾಲ್ಡ್ ಅಮೆರಿಕ’ ಎಂಬ ಹಾಡಿನ ಹೆಸರು ಬಂದದ್ದು ಲೇಖಕ ಜೇಮ್ಸ್ ಬಾಸ್‌ವೆಲ್‌ನ ಪ್ರವಾಸ ಕಥನದಿಂದ. 1773ರಲ್ಲಿ, ಎಂದರೆ ತಂಡ ಹುಟ್ಟುವುದಕ್ಕೆ ಸರಿಯಾಗಿ 200 ವರ್ಷ ಮೊದಲು, ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಜತೆ ಸ್ಕೈ ದ್ವೀಪಕ್ಕೆ ಹೋಗಿದ್ದ ಬಾಸ್‌ವೆಲ್ ಅರ್ಮಡೇಲ್‌ನಲ್ಲಿ ‘ಅಮೆರಿಕ’ ಎಂಬ ಕುಣಿತವನ್ನು ಕಂಡ, ತಾನೂ ಕುಣಿದ. ಒಂದು ಜೋಡಿ ಸುತ್ತತೊಡಗಿದರೆ ಅದು ಇನ್ನೊಂದನ್ನು ಎಳೆದುಕೊಳ್ಳುತ್ತದೆ, ಕೊನೆಗೆ ಎಲ್ಲರೂ ಸುತ್ತುತ್ತಿರುತ್ತಾರೆ. ವಲಸೆಯೂ ಹೀಗೇ ಊರಿಗೂರನ್ನೇ ಹಿಡಿದುಕೊಳ್ಳುತ್ತದೆ ಎಂದು ಆತ ಬರೆದ. ರನ್‌ರಿಗ್ ಇದನ್ನು ಕುಣಿಯುವಂಥ ಲಯದಲ್ಲೇ ಹಾಡಿತು. ಬಯಲಿನಲ್ಲಿ ಸಾವಿರಾರು ಜನ ಕೈಯೆತ್ತಿ ಕುಣಿದಾಗ ಹಾಡಿನೊಳಗಿನ ಸಿಟ್ಟು ಕಾಲಡಿಯಲ್ಲಿ ಕಾಣದಂತಾಗುತ್ತದೆ. ಮರುದಿನ ಅದೇ ಗುಂಪು ನಿರ್ಜನ ಕಣಿವೆಯ ಮುಂದೆ ಗಾಡಿ ನಿಲ್ಲಿಸಿ, ಎಷ್ಟು ಪ್ರಶಾಂತ ಎಂದು ಬೆರಗಾಗಿ ಫೋಟೋ ಹಿಡಿಯುತ್ತದೆ. ಹಾಡು ಯಾವುದಕ್ಕಾಗಿ ಮರುಗುತ್ತದೋ ಅದನ್ನೇ ಪ್ರಯಾಣಿಕರು ಚೆಲುವೆಂದು ಸವಿಯುತ್ತಾರೆ. ಕೋಟೆ, ಸರೋವರ, ಬೆಟ್ಟ ಎಂದು ಸದಾ ಚಿತ್ರದಂಥ ಜಾಗಗಳನ್ನೇ ಆರಿಸಿಕೊಂಡ ತಂಡವೂ ಇದರಲ್ಲಿ ಪಾಲುದಾರ.

ಭಾಷೆಯ ಲೆಕ್ಕ ಇನ್ನೂ ತೊಡಕಿನದು. 1995ರಲ್ಲಿ ತಂಡದ ‘ಆನ್ ಉವಲ್ ಅಸ್ ಆರ್ಜ’ ಎಂಬ ಹಾಡು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 18ನೇ ಸ್ಥಾನಕ್ಕೆ ಏರಿತು. ಗೇಲಿಕ್ ಹಾಡೊಂದು ಮೊದಲ 20ರೊಳಗೆ ಬಂದದ್ದು ಅದೇ ಮೊದಲು. ಅದಕ್ಕೆ ನೂಕುಬಲ ಕೊಟ್ಟದ್ದು ಬಿಯರಿನ ಜಾಹೀರಾತು, ಬಿಯರೂ ಡೆನ್ಮಾರ್ಕಿನದೇ. 2011ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತಾಡಬಲ್ಲವರು ಸುಮಾರು 57 ಸಾವಿರ, ಜನಸಂಖ್ಯೆಯ ಶೇ. 1.1. ಸ್ಟರ್ಲಿಂಗ್ ಬಯಲಿನ ಎರಡು ರಾತ್ರಿಗಳ ಗುಂಪು ಇದಕ್ಕಿಂತ ಬಹಳ ಚಿಕ್ಕದೇನಲ್ಲ. ಅರ್ಥ ತಿಳಿಯದೆ ಗೇಲಿಕ್ ಪಲ್ಲವಿಯನ್ನು ಬಾಯಿಪಾಠ ಮಾಡಿ ಹಾಡುವ ಡೇನಿಷ್ ಕೇಳುಗರಿಂದ ಭಾಷೆ ಉಳಿಯುವುದಿಲ್ಲ. ಆದರೆ ಶಾಲೆಯಲ್ಲಿ ಬೇರೆಲ್ಲರ ಚರಿತ್ರೆ ಕಲಿತು ತನ್ನವರದ್ದನ್ನು ಕಲಿಯದವನ ಅಸಮಾಧಾನ ‘ಫಿಹಡ್ ಬ್ಲಿಯನ’ ಎಂಬ ಹಾಡಿನಲ್ಲಿದೆ. ಅಂಥ ಶಾಲೆಯಲ್ಲಿ ಓದಿದ ದ್ವೀಪದ ಮಗುವಿಗೆ ತನ್ನ ಮಾತನ್ನು ದೂರದೇಶದವರು ಹುಡುಕಿಕೊಂಡು ಬಂದು ಹಾಡುವುದನ್ನು ಕಾಣುವುದು ಸಣ್ಣ ಸಂಗತಿಯಲ್ಲ.

ಈ ತಿರುಗಾಟ ತಂಡವನ್ನು ಕಟ್ಟಿಹಾಕಿದ್ದೂ ಉಂಟು. ದೂರದಿಂದ ಬಂದವರು ಬಯಸುವುದು ಗೊತ್ತಿರುವ ಹಾಡುಗಳನ್ನು. 1997ರಲ್ಲಿ ಗಾಯಕ ಡಾನಿ ಮನ್ರೋ ರಾಜಕೀಯಕ್ಕೆ ಹೋದ ಮೇಲೆ ಬಂದ ಬ್ರೂಸ್ ಗುತ್ರೋ ಕೆನಡಾದ ಕೇಪ್ ಬ್ರೆಟನ್‌ನವರು, ಎಂದರೆ ಒಕ್ಕಲೆದ್ದ ಗೇಲಿಕ್ ಜನ ಹೋಗಿ ನೆಲೆಸಿದ ದ್ವೀಪದವರು. ಅವರ ದನಿಯಲ್ಲಿ ಅಬ್ಬರ ಕಡಿಮೆ, ಮಾತಿನ ಸಲಿಗೆ ಹೆಚ್ಚು. ಅದಕ್ಕೆ ಹೊಂದುವ ಮೆಲುಹಾಡುಗಳನ್ನು ತಂಡ ಬರೆಯಿತು, ಆದರೆ ಬಯಲುಗಳು ಕೇಳಿದ್ದು ಮನ್ರೋ ಕಾಲದ ಕೂಗುಹಾಡುಗಳನ್ನೇ. ಗುತ್ರೋ ಅವನ್ನೂ ಹಾಡಿದರು, 20 ವರ್ಷ. 2023ರಲ್ಲಿ ಅವರು ತೀರಿಕೊಂಡರು.

ರನ್‌ರಿಗ್ ಈಗ ಇಲ್ಲವಾದರೂ ಆ ದಾರಿ ಇದೆ. ಮ್ಯಾಲೆಗ್ ಬಂದರಿನಿಂದ ಅರ್ಮಡೇಲ್‌ಗೆ ಹಡಗಿನಲ್ಲಿ ಅರ್ಧ ತಾಸಿನಷ್ಟು ಪಯಣ. ಬಾಸ್‌ವೆಲ್ ಕುಣಿದ ಆ ಊರಿಂದ ಸ್ವಲ್ಪವೇ ದೂರದಲ್ಲಿ, ಓಸ್ಟೆಗ್‌ನಲ್ಲಿ, ಗೇಲಿಕ್ ಕಾಲೇಜು ಸೌಲ್ ಮೋರ್ ಓಸ್ಟೆಗ್ ಇದೆ. ಅದು ಶುರುವಾದದ್ದೂ 1973ರಲ್ಲೇ. ಪಲ್ಲವಿ ಬಾಯಿಗೆ ಬಂದು ಅರ್ಥ ಬಾರದವರಿಗಾಗಿ ಅಲ್ಲಿ ಬೇಸಿಗೆಯಲ್ಲಿ ಒಂದೊಂದು ವಾರದ ಭಾಷಾ ತರಗತಿಗಳು ನಡೆಯುತ್ತವೆ.