ಫಿರ್ದೌಸ್ ಮತ್ತು ಪಾಲೇಜ್: ಒಂದು ಪದದ ಎರಡು ಕವಲುಗಳು

ಅರಬ್ಬಿಯ ‘ಫಿರ್ದೌಸ್’ ಪದಕ್ಕೆ ‘ಇರಾನೀ ಮೂಲ’ ಎಂದಷ್ಟೇ ಗುರುತು ಹಾಕುವ ನಿಘಂಟು ತಪ್ಪು ಹೇಳುವುದಿಲ್ಲ, ಅರ್ಧ ಹೇಳುತ್ತದೆ. ಅವೆಸ್ತಾದ ‘ಪೈರಿದಏಜ’ ಎಂದರೆ ಸುತ್ತಲೂ ಮಣ್ಣೊಟ್ಟಿ ಕಟ್ಟಿದ ಆವರಣ. (‘ದಏಜ’ವೂ ಸಂಸ್ಕೃತದ ‘ದೇಹ’ವೂ ಒಂದೇ ಧಾತುಮೂಲದವು.) ವೆಂದಿದಾದ್‌ನ 3ನೆಯ ಅಧ್ಯಾಯದಲ್ಲಿ ಅದು ಒಬ್ಬಂಟಿಯಾಗಿ ಶವ ಹೊತ್ತು ಮೈಲಿಗೆಯಾದವನನ್ನು ದೂರವಿರಿಸುವ ಸ್ಥಳ, ಸ್ವರ್ಗದ ಸುಳಿವೇ ಅಲ್ಲಿಲ್ಲ.

ಪಾರಸೀಕ ಅರಸರ ಉದ್ಯಾನಗಳನ್ನು ಗ್ರೀಕ್ ಲೇಖಕ ಕ್ಸೆನೊಫೋನ್ ‘ಪರದೈಸೊಸ್’ ಎಂದು ಕರೆದನು. ಬೈಬಲ್ಲಿನ ಗ್ರೀಕ್ ಅನುವಾದಕರು ಏದೆನ್ ತೋಟಕ್ಕೂ ಅದೇ ಪದವನ್ನು ಬಳಸಿದರು. ಕುರ್‌ಆನಿನಲ್ಲಿ ಎರಡೇ ಕಡೆ (18:107, 23:11) ಬರುವ ‘ಫಿರ್ದೌಸ್’ನ ಹಿಂದೆ ಈ ಅರ್ಥಪಲ್ಲಟವಿದೆ. ನಡುವಣ ಹಾದಿ ಗ್ರೀಕ್ಕಿನದೋ ಸಿರಿಯಾಕಿನದೋ ಎಂಬ ವಾದ ವಿದ್ವಾಂಸರನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಹಿಡಿದಿಟ್ಟಿದೆ.

ಹೀಗೆ ಸ್ವರ್ಗವಾಚಿಯಾದ ಪದ ಅರಬ್ಬಿಯಿಂದ ಪಾರಸಿಗೆ ಮರಳಿತು. ಷಾಹನಾಮೆಯ ಕವಿ ಫಿರ್ದೌಸಿಯ ಹೆಸರಿನಲ್ಲಿರುವುದು ಈ ರೂಪವೇ. ತವರು ಬಿಡದ ರೂಪವಾದರೋ ಸವೆದು ‘ಪಾಲೇಜ್’ ಆಗಿ, ಕರಬೂಜ, ಸೌತೆ ಬೆಳೆಯುವ ತೋಟದ ಹೆಸರಾಗಿ ಉಳಿಯಿತು. ಕವಿಗಳೂ ಧರ್ಮಶಾಸ್ತ್ರಜ್ಞರೂ ಮೊದಲನೆಯದನ್ನು ಪೋಷಿಸಿದರು. ಎರಡನೆಯದನ್ನು ಕಾಯ್ದವರು ತೋಟಿಗರು. ಪದಮೂಲದ ಚರ್ಚೆ ಇವರನ್ನು ಸಾಕ್ಷಿಗೆ ಕರೆಯುವುದು ಅಪರೂಪ. ಒಂದೇ ಬೇರಿನ ಈ ಎರಡರಲ್ಲಿ ಮೊದಲನೆಯದು ಪಾರಸಿಯಲ್ಲಿ ಅರಬ್ಬಿ ಪದವೆಂದೂ ಎರಡನೆಯದು ದೇಶ್ಯವೆಂದೂ ಎಣಿಕೆಯಾಗುತ್ತವೆ.